ಮೋರ್ಸ್ ಕೇಳುವ ಸ್ಪರ್ಧೆ: ಅಂಕ ಎಣಿಸುವ ಕಂಪ್ಯೂಟರನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಕಾಲೇಜಿನ ಹ್ಯಾಮ್ (ಹವ್ಯಾಸಿ) ರೇಡಿಯೋ ಗುಂಪಿನ ಹುಡುಗ ಹುಡುಗಿಯರು ಬಳ್ಳಾರಿ, ರಾಯಚೂರಿನ ಕಾಲೇಜುಗಳ ಜೊತೆ ಸೇರಿ ಮೋರ್ಸ್ ಕೋಡ್ (ಚುಕ್ಕಿ, ಗೆರೆಗಳ ಸದ್ದಿನಲ್ಲಿ ಅಕ್ಷರ ಕಳಿಸುವ ಸಂಕೇತ) ಕೇಳಿ ಬರೆಯುವ ಸ್ಪರ್ಧೆ ಮಾಡುತ್ತಾರೆ. ಹೋದ ವರ್ಷ ಕಾಗದದ ಮೇಲೆ ಬರೆಸಿ, ಮೂರು ಜನ ಕೂತು ತಿದ್ದಿದೆವು. ಮೂವರ ಎಣಿಕೆಯೂ ಬೇರೆ ಬೇರೆ ಬಂತು, ಜಗಳವೂ ಆಯಿತು. ಈ ಸಲ ಬಳ್ಳಾರಿಯಲ್ಲಿ 12 ಲ್ಯಾಪ್‌ಟಾಪ್ ಇಟ್ಟು, ವೈಫೈ ಮೂಲಕ ಉತ್ತರ ತರಿಸಿಕೊಂಡು, ಕಂಪ್ಯೂಟರಿನಿಂದಲೇ ಅಂಕ ಹಾಕಿಸಬೇಕು ಅಂತಿದ್ದೇವೆ. ನಮ್ಮ ವಿದ್ಯಾರ್ಥಿಯೊಬ್ಬ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಾನೆ. ತಪ್ಪನ್ನು ಎಣಿಸುವುದು ಹೇಗೆ? ಸದ್ದನ್ನೂ ನೆಟ್‌ವರ್ಕ್‌ನಲ್ಲೇ ಕಳಿಸಬಹುದೇ? ನಡುವೆ ಕರೆಂಟ್ ಹೋದರೆ ಏನು ಮಾಡಬೇಕು? ಇಬ್ಬರಿಗೆ ಸಮ ಅಂಕ ಬಂದರೆ ಮೊದಲು ಉತ್ತರ ಕಳಿಸಿದವರಿಗೆ ಬಹುಮಾನ ಕೊಡಬಹುದೇ?

ಉತ್ತರ: ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೊಡಬೇಡಿ.

ಮೊದಲು ಕಳಿಸಿದವರಿಗೆ ಬಹುಮಾನ ಅಂತ ಒಂದು ಸಲ ಹೇಳಿಬಿಟ್ಟರೆ ಅದು ಮೋರ್ಸ್ ಸ್ಪರ್ಧೆಯಾಗಿ ಉಳಿಯುವುದಿಲ್ಲ. ರೌಟರ್ ಪಕ್ಕ ಕೂತವನ ಉತ್ತರ ಬೇಗ ಬರುತ್ತದೆ. ಕಂಬದ ಹಿಂದೆ ಕೂತವಳದ್ದು ತಡವಾಗುತ್ತದೆ. ಹಳೇ ಲ್ಯಾಪ್‌ಟಾಪ್ ಪಾಲಿಗೆ ಬಂದವರು ಇನ್ನೂ ಹಿಂದೆ. ಅವರ ಕಿವಿಗೂ ಇದಕ್ಕೂ ಏನು ಸಂಬಂಧ? ನೆಟ್‌ವರ್ಕ್ ಅಂದರೆ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಉತ್ತರ ಪತ್ರಿಕೆ ತಂದು ಕೊಡಲಿ, ಸಾಕು. ಅಂಕಕ್ಕೆ ಅದು ಕೈ ಹಾಕಬಾರದು. ನಿಮ್ಮ ಹುಡುಗ ಬರೆಯುತ್ತಿರುವ ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಮುಂದಿಟ್ಟುಕೊಂಡು ಇದನ್ನೇ ಕೇಳಿ: ವೈಫೈ ನಿಧಾನವಾದರೆ ಇಲ್ಲಿ ಯಾರದಾದರೂ ಅಂಕ ಬದಲಾಗುತ್ತದಾ? ಹೌದು ಅಂದರೆ ಆ ಭಾಗವನ್ನು ಮತ್ತೆ ಬರೆಸಿ.

ಸಮ ಅಂಕ ಬಂದರೆ, ಅತಿ ವೇಗದ ಸುತ್ತಿನಲ್ಲಿ ಯಾರ ತಪ್ಪು ಕಡಿಮೆಯೋ ಅವರು ಮುಂದೆ. ಅದೂ ಸಮವಾದರೆ ಇಬ್ಬರನ್ನೇ ಕೂರಿಸಿ, ವೇಗ ಸ್ವಲ್ಪ ಏರಿಸಿ, ಇನ್ನೊಂದು ನಿಮಿಷ ಕೇಳಿಸಿ. ನೋಡುವವರಿಗೂ ಅದರಲ್ಲೇ ಮಜಾ ಜಾಸ್ತಿ.

ಈಗ ಎಣಿಕೆಗೆ ಬರೋಣ. ಮೂವರು ತಿದ್ದಿ ಮೂರು ಲೆಕ್ಕ ಬಂತು ಅಂದಿರಿ. ಅದರಲ್ಲಿ ಯಾರ ತಪ್ಪೂ ಇಲ್ಲ. 'ತಪ್ಪು' ಅಂದರೆ ಏನು ಅಂತ ನೀವು ಮೊದಲೇ ಹೇಳಿರಲಿಲ್ಲ, ಅಷ್ಟೇ. ಅದನ್ನು ಹೇಳದಿದ್ದರೆ ಕಂಪ್ಯೂಟರ್ ನಾಲ್ಕನೇ ಲೆಕ್ಕ ಕೊಡುತ್ತದೆ.

ರಾಯಚೂರು ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಕಳಿಸಿದಿರಿ ಅಂದುಕೊಳ್ಳಿ: ಆರ್, ಎ, ಐ, ಸಿ, ಎಚ್, ಯು, ಆರ್. ಒಬ್ಬಳಿಗೆ 'ಎ' ಕೇಳಿಸಲಿಲ್ಲ. ಉಳಿದದ್ದೆಲ್ಲ ಸರಿಯಾಗಿ ಬರೆದಳು: ಆರ್, ಐ, ಸಿ, ಎಚ್, ಯು, ಆರ್. ಈಗ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಹೋಲಿಸುತ್ತಾ ಹೋಗಿ. ಮೊದಲ 'ಆರ್' ಸರಿ. ಅಲ್ಲಿಂದ ಮುಂದೆ ಪ್ರತಿ ಅಕ್ಷರವೂ ಒಂದು ಮನೆ ಹಿಂದೆ ಸರಿದಿದೆ. ಏಳರಲ್ಲಿ ಆರು ತಪ್ಪು! ಪಾಪ, ಆಕೆ ಬಿಟ್ಟದ್ದು ಒಂದೇ ಅಕ್ಷರ. ಹೊಸದಾಗಿ ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಹೀಗೇ ಬರೆಯುತ್ತಾರೆ. ಕಾಗದ ತಿದ್ದುವವರಲ್ಲೂ ದಣಿದವರು ಹೀಗೇ ಮಾಡುತ್ತಾರೆ.

ಇದಕ್ಕೆ ಒಳ್ಳೆಯ ಉಪಾಯ ಆಗಲೇ ಇದೆ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು. ಒಂದು ಸಾಲನ್ನು ಇನ್ನೊಂದು ಸಾಲಾಗಿ ಮಾಡಲು ಕನಿಷ್ಠ ಎಷ್ಟು ತಿದ್ದುಪಡಿ ಬೇಕು ಅಂತ ಎಣಿಸುವುದು. ತಿದ್ದುಪಡಿ ಮೂರೇ ಬಗೆ: ಬಿಟ್ಟುಹೋದ ಅಕ್ಷರ ಸೇರಿಸುವುದು, ಹೆಚ್ಚಿಗೆ ಬಂದದ್ದನ್ನು ತೆಗೆಯುವುದು, ಒಂದರ ಬದಲು ಇನ್ನೊಂದನ್ನು ಇಡುವುದು. ದಾರಿಯಲ್ಲಿ ಸಂಕೇತಗಳು ಬಿದ್ದುಹೋದರೆ, ಸುಮ್ಮನೆ ಒಂದು ಹೆಚ್ಚಿಗೆ ಸೇರಿಕೊಂಡರೆ ಸಂದೇಶವನ್ನು ಹೇಗೆ ಉಳಿಸಿಕೊಳ್ಳುವುದು ಅನ್ನುವುದು ಅವರ ಪ್ರಶ್ನೆಯಾಗಿತ್ತು. ಅಂದರೆ ಇದು ಹುಟ್ಟಿದ್ದೇ ನಮ್ಮ ಕೆಲಸದ ಪಕ್ಕದ ಮನೆಯಲ್ಲಿ. ಇವತ್ತು ನಿಮ್ಮ ಮೊಬೈಲಿನಲ್ಲಿ ಸ್ಪೆಲಿಂಗ್ ತಿದ್ದುವುದಕ್ಕೂ ಇದೇ ಬಗೆಯ ಲೆಕ್ಕ ಬೇಕು.

ಹುಡುಗನಿಗೆ ಹೀಗೆ ವಿವರಿಸಿ. ಚೌಕಾಬಾರದ ಹಾಗೆ ಮನೆಗಳನ್ನು ಹಾಕಿಕೊಳ್ಳಲಿ. ಮೇಲಿನ ಸಾಲಿನಲ್ಲಿ ಕಳಿಸಿದ ಅಕ್ಷರಗಳು, ಎಡಗಡೆ ಕೆಳಮುಖವಾಗಿ ಸ್ಪರ್ಧಿ ಬರೆದ ಅಕ್ಷರಗಳು. ಪ್ರತಿ ಮನೆಯಲ್ಲೂ 'ಇಲ್ಲಿಯವರೆಗೆ ಕನಿಷ್ಠ ಇಷ್ಟು ತಪ್ಪು' ಅನ್ನುವ ಸಂಖ್ಯೆ. ಒಂದು ಮನೆ ತುಂಬಲು ಅದರ ಎಡಗಡೆಯ ಮನೆ, ಮೇಲಿನ ಮನೆ, ಎಡ ಮೇಲಿನ ಮೂಲೆಗೆ ತಾಗಿದ ಮನೆ, ಈ ಮೂರನ್ನು ನೋಡಿದರೆ ಸಾಕು. ಕಟ್ಟಕಡೆಯ ಮೂಲೆಯಲ್ಲಿ ಬಂದದ್ದೇ ಒಟ್ಟು ತಪ್ಪು. 250 ಅಕ್ಷರದ ಪಾಠಕ್ಕೆ, ಅಂದರೆ ಕಳಿಸುವ ಬರಹಕ್ಕೆ, ಸುಮಾರು 62,500 ಮನೆ. ಕೈಯಲ್ಲಿ ಮಾಡಿದರೆ ದಿನಗಟ್ಟಲೆ ಬೇಕು, ಯಾವುದೇ ಹಳೇ ಲ್ಯಾಪ್‌ಟಾಪಿಗೆ ಕಣ್ಣು ಮಿಟುಕಿಸಿದಷ್ಟು. ರಾಯಚೂರಿನ ಉದಾಹರಣೆಯಲ್ಲಿ ಉತ್ತರ 1 ಬರುತ್ತದೆ. ನ್ಯಾಯವೂ ಅದೇ ಅಲ್ವಾ?

ಒಂದು ಎಚ್ಚರಿಕೆ. ಐದೈದು ಅಕ್ಷರದ ಗುಂಪು ಕಳಿಸುವಾಗ ಒಂದೊಂದೇ ಗುಂಪನ್ನು ಹೋಲಿಸಬೇಡಿ. ಒಂದು ಇಡೀ ಗುಂಪು ಬಿಟ್ಟುಹೋದರೆ ಹಳೇ ಕತೆಯೇ ಮತ್ತೆ ಶುರು. ಖಾಲಿ ಜಾಗಗಳನ್ನೆಲ್ಲ ತೆಗೆದು, ಇಡೀ ಪಾಠವನ್ನು ಒಂದೇ ಉದ್ದ ಸಾಲಾಗಿ ಹೋಲಿಸಿ.

ಇನ್ನು ಊಹೆಯ ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಹಟ ಇದೆ, ಕ್ಷಮಿಸಿ. ಬಿಟ್ಟ ಅಕ್ಷರಕ್ಕೂ ತಪ್ಪು ಅಕ್ಷರಕ್ಕೂ ಒಂದೇ ದಂಡ ಇಟ್ಟರೆ, ಜಾಣ ಹುಡುಗರು ಕೇಳಿಸದ ಕಡೆಯೆಲ್ಲ ಏನಾದರೊಂದು ಗೀಚುತ್ತಾರೆ. 26ರಲ್ಲಿ ಒಂದು ಸಲ ಹೊಡೆಯುತ್ತದೆ, ನಷ್ಟವಂತೂ ಇಲ್ಲ. ನನ್ನ ಸೋದರಮಾವ ಗುಂತಕಲ್ ಲೈನಿನಲ್ಲಿ ಸ್ಟೇಷನ್ ಮಾಸ್ತರ್ ಆಗಿದ್ದರು. ಟೇಬಲ್ ಮೇಲಿನ ಯಂತ್ರ ಟಕಟಕ ಅನ್ನುತ್ತಿದ್ದರೆ ಚಹಾ ಕುಡಿಯುತ್ತಲೇ ಬರೆದುಕೊಳ್ಳುತ್ತಿದ್ದರು. ಕೇಳಿಸದೆ ಇದ್ದದ್ದನ್ನು ಮಾತ್ರ ಅವರು ಯಾವತ್ತೂ ಬರೆಯುತ್ತಿರಲಿಲ್ಲ, ಮತ್ತೆ ಕೇಳಿಸಿಕೊಳ್ಳುತ್ತಿದ್ದರು. ಗಾಡಿ ನಂಬರನ್ನು ಊಹೆ ಮಾಡಿ ಬರೆದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಹಾಗಾಗಿ ನಾನು ಇಡುವ ಲೆಕ್ಕ ಇದು. ಅಕ್ಷರ ಬಿಟ್ಟರೆ 1 ದಂಡ. ಹೆಚ್ಚಿಗೆ ಬರೆದರೆ 1. ಒಂದರ ಬದಲು ಇನ್ನೊಂದು ಬರೆದರೆ 2. ಕೇಳಿಸದ ಜಾಗದಲ್ಲಿ ಅಡ್ಡಗೆರೆ ಹಾಕಬಹುದು, ಅದಕ್ಕೆ 1. ಇದರಲ್ಲಿ ಒಂದು ಸೊಗಸಿದೆ. ತಪ್ಪು ಅಕ್ಷರ ಅಂದರೆ 'ಸರಿಯಾದದ್ದನ್ನು ಬಿಟ್ಟೆ, ಇಲ್ಲದ್ದನ್ನು ಸೇರಿಸಿದೆ' ಅಂತ ಎರಡು ತಪ್ಪು ಕೂಡಿದ ಹಾಗೆ. 1 ಮತ್ತು 1, ಒಟ್ಟು 2. ಲೆಕ್ಕ ತನ್ನಷ್ಟಕ್ಕೆ ತಾನೇ ಕೂಡಿಬರುತ್ತದೆ, ಮಕ್ಕಳಿಗೂ ಬೇಗ ಅರ್ಥವಾಗುತ್ತದೆ.

ಆದರೆ ಇದರಲ್ಲೂ ಒಂದು ತಕರಾರು ಬರುತ್ತದೆ, ತಯಾರಾಗಿರಿ. ಮೋರ್ಸ್‌ನಲ್ಲಿ 'ಎ' ಅಂದರೆ ಚುಕ್ಕಿ, ಗೆರೆ. 'ಎನ್' ಅಂದರೆ ಗೆರೆ, ಚುಕ್ಕಿ. ಎರಡರ ನಡುವಿನ ಅಂತರ ಕಿವಿಗೆ ತಪ್ಪಿದರೆ ಚುಕ್ಕಿ, ಗೆರೆ, ಗೆರೆ, ಚುಕ್ಕಿ ಆಗಿ 'ಪಿ' ಅಂತ ಕೇಳಿಸುತ್ತದೆ. ಕಿವಿ ಜಾರಿದ್ದು ಒಂದು ಕಡೆ, ದಂಡ ಮಾತ್ರ 3: ಎರಡು ಅಕ್ಷರ ಹೋಯಿತು, ಇಲ್ಲದ ಒಂದು ಬಂತು. 'ಸರ್, ಇದು ಒಂದೇ ತಪ್ಪು' ಅಂತ ಯಾರಾದರೂ ವಾದಿಸಿಯೇ ವಾದಿಸುತ್ತಾರೆ. ನಾನು ಬಗ್ಗುವುದಿಲ್ಲ. ಓದುವವನ ಕೈಗೆ ಬಂದ ಕಾಗದದಲ್ಲಿ ಎರಡು ಅಕ್ಷರ ಹೋಗಿದೆ ಅಲ್ವಾ? ಹಾಗೆಯೇ 'ಎಚ್' ಬದಲು 5 ಬರೆದರೆ ಅರ್ಧ ಅಂಕ ಕೊಡಿ ಅನ್ನುವವರೂ ಇದ್ದಾರೆ. ಒಂದರಲ್ಲಿ ನಾಲ್ಕು ಚುಕ್ಕಿ, ಇನ್ನೊಂದರಲ್ಲಿ ಐದು, ಹತ್ತಿರ ಬಂದಿದ್ದಾನೆ ಅಂತ. ಅಂಕ ಕೊಡಬೇಡಿ. ಆದರೆ ಆ ಲೆಕ್ಕವನ್ನು ಬೇರೆ ಇಟ್ಟುಕೊಳ್ಳಿ. ಸ್ಪರ್ಧೆ ಮುಗಿದ ಮೇಲೆ 'ನೀನು 'ಬಿ' ಮತ್ತು 6ನ್ನು ಪ್ರತಿ ಸಲ ಗೊಂದಲ ಮಾಡಿಕೊಳ್ಳುತ್ತೀಯ' ಅಂತ ಒಬ್ಬೊಬ್ಬರಿಗೂ ತೋರಿಸಿದರೆ ಬಹುಮಾನಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವೇಗದ ವಿಷಯದಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 'ನಿಮಿಷಕ್ಕೆ 20 ಪದ' ಅಂದಾಗ ಪದ ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ 'ಪ್ಯಾರಿಸ್'. ಒಂದು ಚುಕ್ಕಿಯ ಉದ್ದವನ್ನು ಅಳತೆಗೋಲು ಮಾಡಿಕೊಂಡರೆ ಗೆರೆ ಅದರ 3 ಪಟ್ಟು. ಒಂದು ಅಕ್ಷರದ ಒಳಗಿನ ಅಂತರ 1, ಅಕ್ಷರಗಳ ನಡುವೆ 3, ಪದಗಳ ನಡುವೆ 7. ಹೀಗೆ, ಪದದ ನಂತರದ ಅಂತರವನ್ನೂ ಸೇರಿಸಿ ಕೂಡಿಸಿದರೆ 'ಪ್ಯಾರಿಸ್' ಸರಿಯಾಗಿ 50 ಅಳತೆ ಆಗುತ್ತದೆ. 1200ನ್ನು ವೇಗದಿಂದ ಭಾಗಿಸಿದರೆ ಚುಕ್ಕಿ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 8ರ ವೇಗಕ್ಕೆ 150, 20ಕ್ಕೆ 60, 30ಕ್ಕೆ ಬರೀ 40.

ಇಲ್ಲಿಯವರೆಗೆ ಸರಿ. ಆದರೆ ನೀವು ಕಳಿಸುವುದು ಪ್ಯಾರಿಸ್ ಅಲ್ಲ. 26 ಅಕ್ಷರಗಳನ್ನೂ ಸಮವಾಗಿ ಕಲಸಿ ಐದೈದರ ಗುಂಪು ಮಾಡಿದರೆ ಒಂದು ಗುಂಪು ಸರಾಸರಿ 60 ಅಳತೆ. ಅಂಕಿಗಳ ಗುಂಪು ಮಾಡಿದರೆ 89! ಯಾಕೆಂದರೆ ಪ್ರತಿ ಅಂಕಿಯಲ್ಲೂ ಐದು ಸಂಕೇತ, ಸೊನ್ನೆಗಂತೂ ಐದೂ ಗೆರೆ. ಹಾಗಾಗಿ ಅದೇ 20ರ ವೇಗದಲ್ಲಿ ಒಂದು ನಿಮಿಷಕ್ಕೆ ಅಕ್ಷರದ ಗುಂಪು ಹದಿನಾರೂವರೆ ಹೋಗುತ್ತದೆ, ಅಂಕಿಯ ಗುಂಪು ಹನ್ನೊಂದು ಚಿಲ್ಲರೆ. ಅಕ್ಷರಕ್ಕೆ ಒಂದು ಅಂಕ ಅಂತ ಇಟ್ಟರೆ ಅಂಕಿಯ ಸುತ್ತಿನ ತೂಕ ನಿಮಗೆ ಗೊತ್ತಿಲ್ಲದೆ ಇಳಿದುಹೋಗುತ್ತದೆ. ಎರಡೂ ಸುತ್ತನ್ನು ನೂರಕ್ಕೆ ಇಳಿಸಿ ಕೂಡಿಸಿ, ಇಲ್ಲವೇ ಎರಡಕ್ಕೂ ಒಂದೇ ಸಂಖ್ಯೆಯ ಗುಂಪು ಕಳಿಸಿ. ಎರಡನೆಯದು ನನಗಿಷ್ಟ. ಸುತ್ತಿನ ಸಮಯ ಹೆಚ್ಚುಕಡಿಮೆ ಆದರೆ ಆಗಲಿ ಬಿಡಿ.

ಮೊದಲ ಸುತ್ತನ್ನು 8ರಲ್ಲಿ ಇಡಿ. ನಮ್ಮ ದೇಶದಲ್ಲಿ ಜನರಲ್ ದರ್ಜೆಯ ಹ್ಯಾಮ್ ಪರವಾನಗಿಗೆ ಮೋರ್ಸ್ ಪರೀಕ್ಷೆ ಇರುವುದು ಆ ವೇಗದಲ್ಲೇ. ಅದರಲ್ಲಿ ಚೆನ್ನಾಗಿ ಮಾಡಿದ ಮಕ್ಕಳಿಗೆ 'ನೀನು ಪರೀಕ್ಷೆಗೆ ಕೂರಬಹುದು' ಅಂತ ಧೈರ್ಯ ಹೇಳಬಹುದು. ಸ್ಪರ್ಧೆಗೆ ಪರವಾನಗಿ ಬೇಕಾ ಅಂತ ಯಾರೋ ಕೇಳಿಯೇ ಕೇಳುತ್ತಾರೆ. ಹಾಲ್‌ನಲ್ಲಿ ಕಂಪ್ಯೂಟರಿನ ಸದ್ದು ಕೇಳಿ ಬರೆಯುವುದಕ್ಕೆ ಬೇಡ. ರೇಡಿಯೋದಲ್ಲಿ ಪ್ರಸಾರ ಮಾಡುವುದಾದರೆ ಬೇಕು.

ಸದ್ದನ್ನು ನೆಟ್‌ವರ್ಕ್‌ನಲ್ಲಿ ಕಳಿಸಬಹುದೇ ಅಂತ ಕೇಳಿದ್ದೀರಿ. ನೇರಪ್ರಸಾರದ ಹಾಗೆ ಕಳಿಸಬೇಡಿ. ಮೀಟಿಂಗ್ ಆಪ್‌ಗಳಲ್ಲಂತೂ ಬೇಡವೇ ಬೇಡ. ಆ ಆಪ್‌ಗಳು ಮನುಷ್ಯರ ಮಾತಿಗಾಗಿ ಮಾಡಿದವು. ಒಂದೇ ಸ್ವರದಲ್ಲಿ ಕೂಗುವ ಸದ್ದು ಬಂದರೆ ಅದನ್ನು ಫ್ಯಾನಿನ ಗದ್ದಲ ಅಂದುಕೊಂಡು ಅಳಿಸಲು ನೋಡುತ್ತವೆ. ಗೆರೆಯ ಬಾಲ ಕತ್ತರಿಸಿ ಚುಕ್ಕಿ ಮಾಡುತ್ತವೆ. ಅದಿರಲಿ, ಸ್ವಂತ ಪ್ರೋಗ್ರಾಮಿನಲ್ಲಿ ಕಳಿಸಿದರೂ ವೈಫೈ ನೂರು ಮಿಲಿಸೆಕೆಂಡ್ ತಡವರಿಸುವುದು ಮಾಮೂಲು. 30ರ ವೇಗದಲ್ಲಿ ಅಷ್ಟರೊಳಗೆ ಒಂದೇ ಚುಕ್ಕಿಯ 'ಇ' ಅಕ್ಷರ ಪೂರ್ತಿ ಬಂದು ಹೋಗಿರುತ್ತದೆ.

ಮಾಡಬೇಕಾದದ್ದು ಇಷ್ಟು. ಸದ್ದಿನ ಫೈಲನ್ನು ಮೊದಲೇ ತಯಾರಿಸಿ ಎಲ್ಲ ಲ್ಯಾಪ್‌ಟಾಪಿಗೂ ಹಂಚಿಬಿಡಿ. ಒಂದು ನಿಮಿಷದ ಸದ್ದು ಸೆಕೆಂಡಿಗೆ 8,000 ಮಾದರಿ, 16 ಬಿಟ್, ಮೋನೋ ಅಂತ ಇಟ್ಟರೆ 9,60,000 ಬೈಟ್, ಹೆಚ್ಚುಕಡಿಮೆ ಒಂದು ಎಂಬಿ. 12 ಯಂತ್ರಕ್ಕೆ 12 ಎಂಬಿ, ಏನೂ ಅಲ್ಲ. ಫೈಲಿಗೆ ಪಾಸ್‌ವರ್ಡ್ ಬೀಗ ಹಾಕಿ ಹಂಚಿ, ಸುತ್ತು ಶುರುವಾಗುವಾಗ ಬೀಗದ ಕೈ ಮಾತ್ರ ಕಳಿಸಿ. ಒಬ್ಬರಿಗೆ ಎರಡು ಸೆಕೆಂಡ್ ತಡವಾಗಿ ಶುರುವಾದರೂ ಪರವಾಗಿಲ್ಲ. ಅವರು ಕೇಳುವುದು ಅದೇ ಒಂದು ನಿಮಿಷ, ಬರೆಯುವುದಕ್ಕೂ ಅಷ್ಟೇ ಸಮಯ. ಆದರೆ ಪಾಠವನ್ನು ಅಕ್ಷರ ರೂಪದಲ್ಲಿ ಸ್ಪರ್ಧಿಯ ಯಂತ್ರಕ್ಕೆ ಕಳಿಸಬೇಡಿ, ಅದರಿಂದ ಅಲ್ಲಿಯೇ ಸದ್ದು ಮಾಡಿಸುವುದೂ ಬೇಡ. ಬ್ರೌಸರಿನ ಒಳಗೆ ಇಣುಕಿ ನೋಡುವ ವಿದ್ಯೆ ಈಗಿನ ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಫೈಲ್ ಮಾಡುವಾಗ ಎರಡು ಸೂಕ್ಷ್ಮ ನೋಡಿಕೊಳ್ಳಿ. ಸ್ವರವನ್ನು ಥಟ್ಟನೆ ಹಚ್ಚಿ ಥಟ್ಟನೆ ಆರಿಸಿದರೆ ಪ್ರತಿ ಚುಕ್ಕಿಯ ಎರಡೂ ತುದಿಗೆ 'ಟಕ್' ಅನ್ನುತ್ತದೆ, ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ. ಏರಲು ಸುಮಾರು 5 ಮಿಲಿಸೆಕೆಂಡ್, ಇಳಿಯಲು ಅಷ್ಟೇ ಸಮಯ ಕೊಟ್ಟರೆ ಸದ್ದು ನುಣ್ಣಗಾಗುತ್ತದೆ. ಇನ್ನೊಂದು, ಕೆಲವು ಲ್ಯಾಪ್‌ಟಾಪ್‌ಗಳ ಸೌಂಡ್ ಕಾರ್ಡ್ ಬ್ಯಾಟರಿ ಉಳಿಸಲು ನಿದ್ದೆಗೆ ಜಾರಿರುತ್ತದೆ. ಎದ್ದೇಳುವಷ್ಟರಲ್ಲಿ ಮೊದಲ ಅಕ್ಷರ ನುಂಗಿಬಿಡುತ್ತದೆ. ಬ್ಲೂಟೂತ್ ಹೆಡ್‌ಫೋನ್‌ಗಳ ಕತೆಯೂ ಅದೇ, ಅವನ್ನು ಹೊರಗಿಡಿ. ಯಂತ್ರದ ಪರೀಕ್ಷೆಗೆ ಅಂತ ಮೊದಲು 'ವಿ, ವಿ, ವಿ' ಕಳಿಸುವ ರೂಢಿ ಇದೆ. ನೀವೂ ಪಾಠಕ್ಕೆ ಮುಂಚೆ ಅದನ್ನು ಸೇರಿಸಿ. ಯಂತ್ರವೂ ಎದ್ದೇಳುತ್ತದೆ, ಕಿವಿಯೂ ಎದ್ದೇಳುತ್ತದೆ. ಅದಕ್ಕೆ ಅಂಕ ಇಲ್ಲ ಅಂತ ಮೊದಲೇ ಹೇಳಿ.

ಇಷ್ಟೆಲ್ಲ ಹೇಳಿದ ಮೇಲೆ ನಿಜ ಹೇಳಿಬಿಡುತ್ತೇನೆ. 12 ಜನ ಒಂದೇ ಹಾಲ್‌ನಲ್ಲಿ ಕೂರುವುದಾದರೆ ನಾನು ಸದ್ದಿಗೆ ನೆಟ್‌ವರ್ಕ್ ಮುಟ್ಟುವುದೇ ಇಲ್ಲ. ಒಂದು ಲ್ಯಾಪ್‌ಟಾಪ್, ಒಂದು ಚಿಕ್ಕ ಆಂಪ್ಲಿಫೈಯರ್, ಅಲ್ಲಿಂದ 12 ಹೆಡ್‌ಫೋನಿಗೆ ವೈರು. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮಕ್ಕಳು ಒಂದು ಸಂಜೆಯಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ. ಎಲ್ಲರಿಗೂ ಒಂದೇ ಸದ್ದು, ಒಂದೇ ಕ್ಷಣ. ಸ್ಪೀಕರ್ ಮಾತ್ರ ಬೇಡ. ನಮ್ಮ ಕಾಲೇಜು ಹಾಲ್‌ಗಳು ಗೋಡೆಯಿಂದ ಗೋಡೆಗೆ ಮಾರ್ದನಿ ಕೊಡುತ್ತವೆ, ಹಿಂದಿನ ಬೆಂಚಿಗೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಕೇಳಿಸುತ್ತವೆ.

ಕರೆಂಟಿನ ವಿಷಯಕ್ಕೆ ನನ್ನದೇ ಒಂದು ಕತೆ ಇದೆ. ಕೆಲವು ವರ್ಷದ ಹಿಂದೆ ಬಳ್ಳಾರಿಯಲ್ಲೇ ಒಂದು ಹಾಲ್‌ನಲ್ಲಿ ಇಂಥದೇ ಸ್ಪರ್ಧೆ. ಏಪ್ರಿಲ್ ತಿಂಗಳು, ಬುದ್ಧಿ ಬೇಡವಾ ನಮಗೆ? ಸೆಕೆ ತಡೆಯಲಾರದೆ ಯಾರೋ ಪುಣ್ಯಾತ್ಮರು ಕೂಲರ್ ಹಚ್ಚಲು ಪ್ಲಗ್ ಹುಡುಕಿದರು. ರೌಟರಿನ ಪ್ಲಗ್ ಕಿತ್ತು ಅದನ್ನು ಚುಚ್ಚಿದರು. ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ನಡೆಯುತ್ತಲೇ ಇದ್ದವು, ಉತ್ತರಗಳು ಮಾತ್ರ ಎಲ್ಲೂ ಹೋಗಲಿಲ್ಲ. ನಾನು ಬರೆದ ಪ್ರೋಗ್ರಾಂ 'ತಲುಪಲಿಲ್ಲ ಅಂದರೆ ಮತ್ತೆ ಕಳಿಸು' ಅಂತ ಚೆನ್ನಾಗಿಯೇ ಕಲಿತಿತ್ತು. ರೌಟರ್ ಮತ್ತೆ ಎದ್ದ ಕೂಡಲೇ ಎಲ್ಲವೂ ಒಟ್ಟಿಗೆ ನುಗ್ಗಿದವು. ಕೆಲವು ಉತ್ತರ ಎರಡು ಸಲ, ಕೆಲವು ಮೂರು ಸಲ ಬಂದವು. ನನ್ನ ಸರ್ವರ್ (ಎಲ್ಲರ ಉತ್ತರ ಪಡೆದುಕೊಳ್ಳುವ ಕಂಪ್ಯೂಟರ್) ಪ್ರತಿಯೊಂದನ್ನೂ ಹೊಸ ಉತ್ತರ ಅಂತ ಕೂಡಿಸಿತು. ಸಿಂಧನೂರಿನ ಹುಡುಗಿಯೊಬ್ಬಳಿಗೆ ಪಾಠದಲ್ಲಿ ಇದ್ದ ಅಕ್ಷರಗಳಿಗಿಂತ ಜಾಸ್ತಿ ಅಂಕ ಬಂದು ಪರದೆಯ ಮೇಲೆ ಮೊದಲ ಸ್ಥಾನದಲ್ಲಿ ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆಯೇ ಎದ್ದು ನಿಂತು 'ಸರ್, ಇದು ಹೆಂಗೆ ಬಂತ್ರೀ?' ಅಂತ ಕೇಳಿದಳು. ಆವತ್ತಿನ ಬೆವರು ಬಿಸಿಲಿನದ್ದಲ್ಲ.

ಆಮೇಲೆ ಕಲಿತದ್ದು ಹೇಳುತ್ತೇನೆ. ಪ್ರತಿ ಉತ್ತರಕ್ಕೂ ಒಂದು ಗುರುತು ಇರಲಿ: ಬೆಂಚ್ ನಂಬರ್ ಮತ್ತು ಸುತ್ತಿನ ನಂಬರ್. 7ನೇ ಬೆಂಚಿನ 3ನೇ ಸುತ್ತು ಹತ್ತು ಸಲ ಬಂದರೂ ಒಂದೇ ಅಂತ ಸರ್ವರ್ ತಿಳಿಯಬೇಕು. ಉತ್ತರವನ್ನು ಡಿಸ್ಕ್‌ಗೆ ಬರೆದ ಮೇಲೆಯೇ 'ತಲುಪಿತು' ಅಂತ ಹೇಳಬೇಕು, ಮುಂಚೆ ಅಲ್ಲ. ಸ್ಪರ್ಧಿಯ ಲ್ಯಾಪ್‌ಟಾಪ್ ಕೂಡ ಕೆಲವು ಸೆಕೆಂಡಿಗೊಮ್ಮೆ ತನ್ನಲ್ಲೇ ಒಂದು ಪ್ರತಿ ಇಟ್ಟುಕೊಳ್ಳಲಿ. ಸಮಯ ಮುಗಿಯುತ್ತಲೇ ಬರೆಯುವ ಜಾಗಕ್ಕೆ ಬೀಗ ಬೀಳುವುದು ಆ ಲ್ಯಾಪ್‌ಟಾಪಿನಲ್ಲೇ ಆಗಬೇಕು. ಹೀಗಿದ್ದರೆ ನೆಟ್‌ವರ್ಕ್ ಪೂರ್ತಿ ಸತ್ತರೂ ಪೆನ್ ಡ್ರೈವ್ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಿ ಉತ್ತರ ತರಬಹುದು. ಅಂಕ ಒಂದೂ ಬದಲಾಗುವುದಿಲ್ಲ.

ಇಂಟರ್ನೆಟ್ ಬೇಡವೇ ಬೇಡ. ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ, ಎಷ್ಟೋ ಫೋನುಗಳು ಎಂಟು ಹತ್ತು ಯಂತ್ರಕ್ಕಿಂತ ಹೆಚ್ಚಿಗೆ ಸೇರಿಸಿಕೊಳ್ಳುವುದಿಲ್ಲ. ಒಂದು ಸಾದಾ ರೌಟರ್, ಅದಕ್ಕೊಂದು ಚಿಕ್ಕ ಯುಪಿಎಸ್, ಅದರ ಪ್ಲಗ್ ಮೇಲೆ ದಪ್ಪ ಅಕ್ಷರದಲ್ಲಿ 'ಮುಟ್ಟಬೇಡಿ' ಅಂತ ಚೀಟಿ. ಇದರಲ್ಲಿ ಚೀಟಿಯೇ ಮುಖ್ಯ. ಮತ್ತೆ, ದಯವಿಟ್ಟು ಡಿಸೆಂಬರ್ ಅಥವಾ ಜನವರಿಯಲ್ಲಿ ಬೆಳಿಗ್ಗೆ ಮಾಡಿ. ಬಳ್ಳಾರಿಯಲ್ಲಿ ಕೂಲರ್, ಫ್ಯಾನ್ ಇಲ್ಲದೆ ಕೂರಬಹುದಾದ ಕಾಲ ಅದೊಂದೇ. ಕೇಳುವ ಸ್ಪರ್ಧೆಗೆ ಫ್ಯಾನಿನ ಸದ್ದೂ ಶತ್ರು.

ನಿಮ್ಮ ಹುಡುಗ ಯುಡಿಪಿ, ಟಿಸಿಪಿ ಅಂತ ಏನಾದರೂ ಕೇಳಿದರೆ ಹೀಗೆ ಹೇಳಿ. ಎರಡೂ ನೆಟ್‌ವರ್ಕ್‌ನಲ್ಲಿ ಮಾಹಿತಿ ಕಳಿಸುವ ಪದ್ಧತಿಗಳು. ಯುಡಿಪಿ ಸಾದಾ ಕಾರ್ಡು ಇದ್ದ ಹಾಗೆ, ಹಾಕಿದ ಮೇಲೆ ತಲುಪಿತೋ ಇಲ್ಲವೋ ದೇವರೇ ಬಲ್ಲ. ಟಿಸಿಪಿ ಹಿಂದೆ ಇದ್ದ, ಸ್ವೀಕೃತಿ ಸಹಿ ಬರುತ್ತಿದ್ದ ರಿಜಿಸ್ಟರ್ ಪೋಸ್ಟಿನ ಹಾಗೆ. ಗೋಡೆಯ ಮೇಲಿನ ಅಂಕಪಟ್ಟಿಗೆ ಕಾರ್ಡು ಸಾಕು, ಒಂದು ತಪ್ಪಿದರೆ ಮುಂದಿನದು ಬರುತ್ತದೆ. ಹ್ಯಾಮ್‌ಗಳು ಸ್ಪರ್ಧೆಯಲ್ಲಿ ಬಳಸುವ ಎನ್1ಎಂಎಂ ಅನ್ನುವ, ಸಂಪರ್ಕಗಳ ದಾಖಲೆ ಇಡುವ ಪ್ರೋಗ್ರಾಮೂ ತನ್ನ ಅಂಕವನ್ನು ಬೇರೆ ಪ್ರೋಗ್ರಾಂಗಳಿಗೆ ಯುಡಿಪಿಯಲ್ಲೇ ಹಂಚುತ್ತದೆ. ಉತ್ತರ ಪತ್ರಿಕೆಗೆ ಮಾತ್ರ ರಿಜಿಸ್ಟರೇ ಆಗಬೇಕು. ಅಂಕಪಟ್ಟಿಯನ್ನು ಸುತ್ತು ನಡೆಯುವಾಗ ತೋರಿಸಬೇಡಿ, ಸುತ್ತುಗಳ ನಡುವೆ ತೋರಿಸಿ. ನಮ್ಮ ಜನ ಚಪ್ಪಾಳೆ ತಟ್ಟದೆ ಇರಲಾರರು.

ಬರೆಯುವ ಜಾಗದ ಬಗ್ಗೆ ಎರಡು ಮಾತು. ಲ್ಯಾಪ್‌ಟಾಪಿನಲ್ಲಿ 'ನುಡಿ' ಅಥವಾ ಬೇರೆ ಕನ್ನಡ ಕೀಲಿಮಣೆ ಹಚ್ಚಿಟ್ಟದ್ದು ಮರೆತಿರುತ್ತಾರೆ. ಹುಡುಗ 'ಕೆ' ಒತ್ತುತ್ತಾನೆ, ಪರದೆಯಲ್ಲಿ 'ಕ' ಬರುತ್ತದೆ, ಗಾಬರಿಯಲ್ಲಿ ಐದು ಗುಂಪು ಹೋಗಿಬಿಡುತ್ತದೆ. ಸುತ್ತಿಗೆ ಮುಂಚೆ ಎಲ್ಲರೂ ಒಂದು ಸಾಲು ಬರೆದು ತೋರಿಸುವ ಹಾಗೆ ಮಾಡಿ. ತನ್ನಷ್ಟಕ್ಕೆ ಸ್ಪೆಲಿಂಗ್ ತಿದ್ದುವುದನ್ನು ಆರಿಸಿ. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಅಂತ ಲೆಕ್ಕ ಹಾಕಿಸಿ. ಸೊನ್ನೆಗೂ 'ಓ' ಅಕ್ಷರಕ್ಕೂ ವ್ಯತ್ಯಾಸ ಇದೆ ಅಂತ ಮೊದಲೇ ಸಾರಿ ಹೇಳಿ. ಮೋರ್ಸ್‌ನಲ್ಲಿ ಒಂದು ಐದು ಗೆರೆ, ಇನ್ನೊಂದು ಮೂರು ಗೆರೆ. ಹ್ಯಾಮ್‌ಗಳು ಸಮಯ ಉಳಿಸಲು 9ರ ಬದಲು 'ಎನ್', 0 ಬದಲು 'ಟಿ' ಕಳಿಸುವುದುಂಟು. ಹೊಸಬರ ಸ್ಪರ್ಧೆಯಲ್ಲಿ ಅದನ್ನು ತರಬೇಡಿ, ಸುಮ್ನೆ ಗೋಜಲು.

ಅದಕ್ಕಿಂತ ದೊಡ್ಡ ಮಾತು ಟೈಪಿಂಗ್. ನಮ್ಮ ಕಡೆ ಎಷ್ಟೋ ಮಕ್ಕಳ ಕಿವಿ ಚುರುಕು, ಬೆರಳು ನಿಧಾನ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಗೆಲ್ಲುವ ಸ್ಪರ್ಧೆ ನಿಮಗೆ ಬೇಡ ಅಲ್ವಾ? ಕೇಳುವಾಗ ಪೆನ್ನಿನಲ್ಲಿ ಕಾಗದದ ಮೇಲೆ ಬರೆಯಲಿ. ಸದ್ದು ನಿಂತ ಮೇಲೆ ಐದು ನಿಮಿಷ ಕೊಟ್ಟು ಅದನ್ನೇ ಲ್ಯಾಪ್‌ಟಾಪಿಗೆ ಇಳಿಸಲಿ. ಕಾಗದ ನಿಮ್ಮ ಕೈಯಲ್ಲಿ ಉಳಿಯುತ್ತದೆ, ತಕರಾರು ಬಂದರೆ ಅದೇ ಸಾಕ್ಷಿ.

ಸಿದ್ಧ ಪ್ರೋಗ್ರಾಂಗಳೂ ಇವೆ. ಅಂತರರಾಷ್ಟ್ರೀಯ ಅತಿವೇಗದ ಮೋರ್ಸ್ ಸ್ಪರ್ಧೆಗಳಲ್ಲೇ ರುಫ್ಜ್ ಎಕ್ಸ್‌ಪಿ ಮತ್ತು ಮೋರ್ಸ್ ರನ್ನರ್ ಅನ್ನುವ ಎರಡನ್ನು ಬಳಸುತ್ತಾರೆ. ಮೊದಲನೆಯದು 50 ಕಾಲ್ ಸೈನ್ (ಒಬ್ಬೊಬ್ಬ ಹ್ಯಾಮ್‌ಗೂ ಇರುವ ಅಕ್ಷರ, ಅಂಕಿಯ ಗುರುತು) ಕಳಿಸುತ್ತದೆ. ಸರಿ ಬರೆದರೆ ವೇಗ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಎರಡನೆಯದು ಹಲವು ಸ್ಟೇಷನ್‌ಗಳು ಒಟ್ಟಿಗೆ ಕರೆಯುವ ಸಂತೆಯನ್ನೇ ಕಿವಿಗೆ ತರುತ್ತದೆ. ಅಭ್ಯಾಸಕ್ಕೆ ಇವಕ್ಕಿಂತ ಒಳ್ಳೆಯದು ಬೇಡ, ಈಗಲೇ ಮಕ್ಕಳಿಗೆ ಕೊಡಿ. ಆದರೆ ಏರಿಳಿಯುವ ವೇಗದಲ್ಲಿ ಒಬ್ಬೊಬ್ಬರು ಕೇಳುವುದು ಒಂದೊಂದು. ಎಲ್ಲರಿಗೂ ಒಂದೇ ಪ್ರಶ್ನೆ ಪತ್ರಿಕೆ ಬೇಕು ಅನ್ನುವ ನಮ್ಮ ಪರೀಕ್ಷೆಯ ಮನಸ್ಸಿಗೆ ಅದು ಒಗ್ಗುವುದಿಲ್ಲ, ಮತ್ತೆ ಜಗಳ. ಸ್ಪರ್ಧೆಗೆ ನಿಮ್ಮ ಹುಡುಗನ ಪ್ರೋಗ್ರಾಮೇ ಇರಲಿ.

ಕಾಲ್ ಸೈನ್ ಸುತ್ತು ಇಡುವುದಾದರೆ ಎಣಿಕೆ ಬೇರೆ. ಅಲ್ಲಿ ಅಕ್ಷರ ಲೆಕ್ಕವಿಲ್ಲ. 'ವಿಯು2' ಅಥವಾ 'ವಿಯು3' ಅಂತ ಶುರುವಾಗುವ ಗುರುತಿನಲ್ಲಿ ಒಂದಕ್ಷರ ತಪ್ಪಿದರೂ ಅದು ಬೇರೆಯವರ ಗುರುತಾಗಿಬಿಡುತ್ತದೆ. ಪೂರ್ತಿ ಸರಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಪರಿಚಯದ ಹ್ಯಾಮ್‌ಗಳ ಕಾಲ್ ಸೈನ್ ಹಾಕಬೇಡಿ, ಅರ್ಧ ಕೇಳಿದರೂ ಮಕ್ಕಳು ಉಳಿದದ್ದನ್ನು ನೆನಪಿನಿಂದ ತುಂಬಿಬಿಡುತ್ತಾರೆ.

ಇನ್ನು ಕಂಪ್ಯೂಟರನ್ನು ನಂಬುವ ಮಾತು. ಸರ್ವರ್ ಬರೀ ಅಂಕ ಇಟ್ಟುಕೊಂಡರೆ ಸಾಲದು, ಬಂದ ಉತ್ತರವನ್ನು ಬಂದ ಹಾಗೇ ಇಟ್ಟುಕೊಳ್ಳಬೇಕು. ನಾಳೆ ಲೆಕ್ಕದಲ್ಲಿ ತಪ್ಪು ಸಿಕ್ಕರೆ ಮತ್ತೆ ಓಡಿಸಿದರಾಯಿತು. ಫಲಿತಾಂಶದ ಜೊತೆ ಪ್ರತಿಯೊಬ್ಬರಿಗೂ ಒಂದು ಹಾಳೆ ಮುದ್ರಿಸಿ ಕೊಡಿ: ಮೇಲೆ ಕಳಿಸಿದ ಸಾಲು, ಕೆಳಗೆ ಅವರು ಬರೆದ ಸಾಲು, ಎಲ್ಲಿ ದಂಡ ಬಿತ್ತೋ ಅಲ್ಲಿ ಗುರುತು. ಆ ಹಾಳೆ ಕೊಡಲು ಶುರು ಮಾಡಿದ ಮೇಲೆ ನನ್ನ ಹತ್ತಿರ ಜಗಳಕ್ಕೆ ಬಂದವರು ತೀರಾ ಕಡಿಮೆ. ಬಂದವರಲ್ಲಿ ಇಬ್ಬರದ್ದು ನ್ಯಾಯವಾಗಿತ್ತು. ನನ್ನ ಪ್ರೋಗ್ರಾಮಿನ ತಪ್ಪನ್ನು ಅವರೇ ಹಿಡಿದುಕೊಟ್ಟರು.

ಹೋದ ವರ್ಷದ ಆ ಉತ್ತರ ಪತ್ರಿಕೆಗಳನ್ನು ಎಸೆದಿಲ್ಲ ತಾನೇ? ಎಸೆದಿಲ್ಲ ಅಂದರೆ ಇವತ್ತೇ ನಾಲ್ಕು ಮಕ್ಕಳನ್ನು ಕೂರಿಸಿ ಅವನ್ನೆಲ್ಲ ಟೈಪ್ ಮಾಡಿಸಿ, ಹುಡುಗನ ಪ್ರೋಗ್ರಾಮಿಗೆ ಕೊಡಿ. ನಿಮ್ಮ ಮೂವರ ಮೂರು ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ಹೊಂದುವುದಿಲ್ಲವೋ ಆ ಜಾಗದಲ್ಲಿ ನಿಯಮ ಏನು ಅಂತ ನೀವು ಮೂವರೂ ಆ ಹುಡುಗನೂ ಕೂತು ತೀರ್ಮಾನಿಸಿ, ಬರೆದು, ಬಳ್ಳಾರಿಗೆ ಬರುವ ಎಲ್ಲ ಕಾಲೇಜಿಗೂ ಮುಂಚೆಯೇ ಕಳಿಸಿಬಿಡಿ.